ಮಹಾಬಲಿಪುರಂ ನೋಡುವುದು ಹೇಗೆ: ಒಂದು ರಾತ್ರಿ, ಎರಡು ಅರ್ಧ ದಿನಗಳ ಮಾರ್ಗದರ್ಶಿ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ಪುದುಚೇರಿಗೆ ಹೋಗ್ತಾ ಮಹಾಬಲಿಪುರಂನಲ್ಲಿ ಎರಡು ಗಂಟೆ ನಿಂತ್ರೆ ಸಾಕಾ?"

ಸಾಕಾಗುವುದಿಲ್ಲ. ಊರು ದೊಡ್ಡದು ಅಂತಲ್ಲ, ಇಡೀ ಊರನ್ನು ನಡೆದೇ ಮುಗಿಸಬಹುದು. ತೊಂದರೆ ಇರುವುದು ಬಿಸಿಲಿನದು. ಇಲ್ಲಿನ ಕೆಲವು ಶಿಲ್ಪಗಳು ಪೂರ್ವಕ್ಕೆ ಮುಖ ಮಾಡಿವೆ, ಕೆಲವು ಪಶ್ಚಿಮಕ್ಕೆ. ಬೆಳಗಿನ ಓರೆ ಬಿಸಿಲಿನಲ್ಲಿ ಜೀವ ತುಂಬಿದಂತೆ ಕಾಣುವ ಬಂಡೆ, ನಡುಮಧ್ಯಾಹ್ನ ಬರೀ ಬೂದು ಗೋಡೆಯಾಗುತ್ತದೆ. ಎರಡು ಗಂಟೆಗೆಂದು ನಿಲ್ಲುವವರು ಬಹುತೇಕ ಹನ್ನೊಂದರಿಂದ ಎರಡರ ಒಳಗೇ ಬಂದಿಳಿಯುತ್ತಾರೆ. ಕಾಲು ಸುಡುತ್ತದೆ, ಮಕ್ಕಳು ಅಳುತ್ತಾರೆ, ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ. "ನೋಡಿದ್ವಿ, ಅಂಥದ್ದೇನೂ ಇಲ್ಲ" ಅಂತ ವಾಪಸ್ ಬರುತ್ತಾರೆ. ಹಾಗಾಗಬಾರದು ಅನ್ನುವುದೇ ಈ ಬರಹದ ಉದ್ದೇಶ. ಒಂದು ರಾತ್ರಿ ಉಳಿಯಿರಿ. ಬಿಸಿಲು ಯಾವ ಕಡೆ ಇದೆಯೋ ಅದಕ್ಕೆ ತಕ್ಕಂತೆ ನೋಡಿ.

ಹೋಗುವ ಮುಂಚೆ ಇಷ್ಟು ಗೊತ್ತಿರಲಿ

ಊರಿನ ಈಗಿನ ಸರ್ಕಾರಿ ಹೆಸರು ಮಾಮಲ್ಲಪುರಂ. ನಾವು ಕನ್ನಡದಲ್ಲಿ ಮಹಾಬಲಿಪುರ, ಮಹಾಬಲಿಪುರಂ ಎಂದೇ ಹೇಳುತ್ತೇವೆ. ಬಸ್ಸಿನ ಬೋರ್ಡಿನಲ್ಲಿ ಮಾಮಲ್ಲಪುರಂ ಅಂತ ಇರುತ್ತದೆ, ಗಾಬರಿಯಾಗಬೇಡಿ. ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರ್ ದೂರದಲ್ಲಿ, ಬಂಗಾಳ ಕೊಲ್ಲಿಯ ದಡದಲ್ಲಿದೆ. ಏಳು ಮತ್ತು ಎಂಟನೇ ಶತಮಾನದಲ್ಲಿ ಪಲ್ಲವರ ಬಂದರು. ಅವರ ರಾಜಧಾನಿ ಕಾಂಚಿ. ಯುನೆಸ್ಕೋ 1984ರಲ್ಲಿ ಇಲ್ಲಿನ ಸ್ಮಾರಕಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕನ್ನಡಿಗರಿಗೆ ಈ ಊರಿನ ಜೊತೆ ಹಳೆಯ ಲೆಕ್ಕವೊಂದಿದೆ. ಊರಿಗೆ ಹೆಸರು ಕೊಟ್ಟ ಮಾಮಲ್ಲ ಅಂದರೆ ಒಂದನೇ ನರಸಿಂಹವರ್ಮ. ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, 642ರ ಹೊತ್ತಿಗೆ ಬಾದಾಮಿಯನ್ನು ಹಿಡಿದವನು ಇವನೇ. ನೂರು ವರ್ಷದೊಳಗೆ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ವಿರೂಪಾಕ್ಷ ದೇವಾಲಯ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿದವರು ಮಹಾಬಲಿಪುರಂಗೆ ಹೋದರೆ ಪ್ರತಿ ಹೆಜ್ಜೆಗೂ ಹೋಲಿಸಿ ನೋಡುವ ಸುಖ ಇದೆ. ನೋಡಿಲ್ಲದವರು ಮೊದಲು ಅದನ್ನು ನೋಡಿ ಬನ್ನಿ ಅಂತಲೇ ನಾನು ಹೇಳುತ್ತೇನೆ.

ಇಲ್ಲಿನ ಒಂದೊಂದು ಕೆಲಸವನ್ನೂ ಯಾವ ರಾಜ ಮಾಡಿಸಿದ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಹಳಷ್ಟು ಮಾಮಲ್ಲನದು ಅನ್ನುವವರಿದ್ದಾರೆ, ಎಲ್ಲವೂ ರಾಜಸಿಂಹನದೇ ಅನ್ನುವವರೂ ಇದ್ದಾರೆ. ರಾಜಸಿಂಹ ಅಂದರೆ ಸುಮಾರು 700ರಿಂದ 728ರವರೆಗೆ ಆಳಿದ ಇಮ್ಮಡಿ ನರಸಿಂಹವರ್ಮ. ಹಾಗಾಗಿ ಗೈಡ್ ಖಡಾಖಂಡಿತವಾಗಿ ಒಂದು ಹೆಸರು ಹೇಳಿದರೆ ಅದನ್ನು ಕೊನೆಯ ಮಾತು ಅಂದುಕೊಳ್ಳಬೇಡಿ.

ಬೇಕಾಗುವ ವಸ್ತುಗಳು

ಟೋಪಿ ಅಥವಾ ಛತ್ರಿ, ನೀರಿನ ಬಾಟಲಿ, ಜಾರದ ಚಪ್ಪಲಿ ಅಥವಾ ಶೂ. ಬೆಟ್ಟದ ಗ್ರಾನೈಟ್ ನುಣುಪಾಗಿದೆ, ಹವಾಯಿ ಚಪ್ಪಲಿಯಲ್ಲಿ ಹತ್ತಬೇಡಿ. ಗುಹೆಯೊಳಗಿನ ಮೂಲೆ ನೋಡಲು ಸಣ್ಣ ಟಾರ್ಚ್ ಇರಲಿ. ಯುಪಿಐ ನಡೆಯುತ್ತದೆ, ಆದರೂ ಆಟೊ, ಎಳನೀರಿಗೆ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಡ್ರೋನ್ ತರಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಅದನ್ನು ಹಾರಿಸುವಂತಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತೀಯರಿಗೆ ಟಿಕೆಟ್ 40 ರೂಪಾಯಿ, ವಿದೇಶಿಯರಿಗೆ 600. ನಿಮ್ಮ ಹತ್ತಿರ ಒಸಿಐ ಕಾರ್ಡ್ (ಸಾಗರೋತ್ತರ ಭಾರತೀಯರಿಗೆ ಕೊಡುವ ಗುರುತಿನ ಪುಸ್ತಕ) ಇದ್ದರೆ ಭಾರತೀಯರ ದರವೇ ಅನ್ವಯಿಸುತ್ತದೆ. ಕೋಣೆಯಲ್ಲಿ ಬಿಟ್ಟು ಬರಬೇಡಿ, ಕೌಂಟರಿನಲ್ಲಿ ತೋರಿಸಬೇಕಾಗುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಹಂತ 1: ಸರಿಯಾದ ತಿಂಗಳು, ಸರಿಯಾದ ವಾರ

ನಮ್ಮವರು ಜಾಸ್ತಿ ಎಡವುವುದು ಇಲ್ಲಿಯೇ. ಮಳೆಗಾಲ ಅಂದರೆ ಜೂನ್‌ನಿಂದ ಸೆಪ್ಟೆಂಬರ್ ಅನ್ನುವ ಲೆಕ್ಕ ನಮಗೆ. ಆ ಕರಾವಳಿಯ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನಲ್ಲಿ. ಚಂಡಮಾರುತಗಳೂ ಆಗಲೇ. ದಸರಾ ರಜೆ, ದೀಪಾವಳಿ ರಜೆಗೆ ಟಿಕೆಟ್ ಮಾಡಿಸುವ ಮುಂಚೆ ಹವಾಮಾನ ಮುನ್ಸೂಚನೆ ನೋಡಿ, ಕೋಣೆಯನ್ನು ರದ್ದು ಮಾಡಲು ಅವಕಾಶವಿರುವ ಹಾಗೆ ಕಾದಿರಿಸಿ.

ಒಳ್ಳೆಯ ಕಾಲ ಜನವರಿ, ಫೆಬ್ರವರಿ. ಏಪ್ರಿಲ್‌ನಿಂದ ಜೂನ್‌ವರೆಗೆ ಸೆಖೆ ತಡೆಯಲಾಗುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಆಗ ಹೋಗಬೇಡಿ.

ತಪ್ಪಿಸಬೇಕಾದ ದಿನಗಳೂ ಇವೆ. ಶನಿವಾರ, ಭಾನುವಾರ ಚೆನ್ನೈ ಅರ್ಧ ಇಲ್ಲಿರುತ್ತದೆ. ಪೊಂಗಲ್ ಹಬ್ಬದ ಕೊನೆಯ ದಿನ, ಅಂದರೆ ನಮ್ಮ ಸಂಕ್ರಾಂತಿಯಾದ ಎರಡು ದಿನಕ್ಕೆ, 'ಕಾಣುಂ ಪೊಂಗಲ್' ಎಂದು ಕುಟುಂಬ ಸಮೇತ ಹೊರಗೆ ಹೋಗುವ ವಾಡಿಕೆ ಇದೆ. ಆ ದಿನ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಂಗಳವಾರ, ಬುಧವಾರ, ಗುರುವಾರ ಸಿಕ್ಕರೆ ಬಿಡಬೇಡಿ.

ಎರಡು ಸಂದರ್ಭಗಳಿಗೆ ಮಾತ್ರ ಜನಜಂಗುಳಿ ಸಹಿಸಿಕೊಂಡು ಹೋಗಬಹುದು. ಡಿಸೆಂಬರ್ ಕೊನೆಯಿಂದ ಜನವರಿಯಲ್ಲಿ ತಮಿಳುನಾಡು ಪ್ರವಾಸೋದ್ಯಮ ಇಲಾಖೆ ನಡೆಸುವ ನೃತ್ಯೋತ್ಸವ ಒಂದು. ಇನ್ನೊಂದು ಮಾಸಿ ಮಗಂ. ಫೆಬ್ರವರಿ ಅಥವಾ ಮಾರ್ಚಿನ ಹುಣ್ಣಿಮೆಗೆ ಇರುಳ ಸಮುದಾಯದ ಜನ ಬೇರೆ ಬೇರೆ ಊರುಗಳಿಂದ ಬಂದು ಸಮುದ್ರದ ದಡದಲ್ಲಿ ಬೀಡುಬಿಡುತ್ತಾರೆ, ತಮ್ಮ ದೇವಿ ಕನ್ನಿಯಮ್ಮನನ್ನು ಪೂಜಿಸುತ್ತಾರೆ, ಮದುವೆಗಳನ್ನೂ ಅಲ್ಲೇ ಮಾಡುತ್ತಾರೆ. ಅದು ಅವರ ಮನೆಯ ಕಾರ್ಯ. ದೂರ ನಿಂತು ನೋಡಿ, ಕೇಳದೆ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ.

ಹಂತ 2: ಕಾಂಚಿಯ ಮೇಲೆ ಹೋಗಿ

ಕಾರಿನಲ್ಲಿ ಹೋಗುವವರು ಚೆನ್ನೈ ಒಳಗೆ ಹೋಗುವ ಅಗತ್ಯವೇ ಇಲ್ಲ. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಕಾಂಚಿಗೆ ಬನ್ನಿ. ಅಲ್ಲಿಂದ ಚೆಂಗಲ್ಪಟ್ಟು, ತಿರುಕ್ಕಳುಕ್ಕುಂಡ್ರಂ ಮೇಲೆ ಮಹಾಬಲಿಪುರಂ. ಬೆಂಗಳೂರಿನಿಂದ ಒಟ್ಟು ಸುಮಾರು 340 ಕಿಲೋಮೀಟರ್.

ಬೆಳಗಿನ ಜಾವ ಐದರೊಳಗೆ ಮನೆ ಬಿಟ್ಟರೆ ಹತ್ತರ ಹೊತ್ತಿಗೆ ಕಾಂಚಿ. ನೇರ ಕೈಲಾಸನಾಥ ದೇವಾಲಯಕ್ಕೆ ಹೋಗಿ. ಇದು ರಾಜಸಿಂಹ ಕಟ್ಟಿಸಿದ್ದು, ನಾಳೆ ನೀವು ನೋಡಲಿರುವ ಕಡಲ ದಡದ ಗುಡಿಯೂ ಅವನದೇ. ಇದರ ಮುಂದಿನ ಮಂಟಪದ ಒಂದು ಕಂಬದ ಮೇಲೆ ಇಮ್ಮಡಿ ವಿಕ್ರಮಾದಿತ್ಯನ ಕನ್ನಡ ಶಾಸನ ಇದೆ. ಕಾಂಚಿಯನ್ನು ಗೆದ್ದ ಮೇಲೆ ಈ ದೇವಾಲಯದ ಸಂಪತ್ತನ್ನು ನೋಡಿ, ಅದನ್ನು ಒಯ್ಯದೆ ದೇವರಿಗೇ ಮರಳಿ ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಹಳೆಯ ಲಿಪಿ, ನಮಗೆ ಓದಲು ಬರುವುದಿಲ್ಲ. ಆದರೂ ಅಲ್ಲಿನ ಸಿಬ್ಬಂದಿಯನ್ನು ಕೇಳಿ ಆ ಕಂಬ ಯಾವುದೆಂದು ತಿಳಿದುಕೊಂಡೇ ಬನ್ನಿ. ಪರರಾಜ್ಯದ ರಾಜಧಾನಿಯ ಗುಡಿಯಲ್ಲಿ ಕನ್ನಡದ ಶಾಸನ ನಿಂತಿರುವುದನ್ನು ಕಣ್ಣಾರೆ ನೋಡುವುದು ಸಣ್ಣ ಮಾತಲ್ಲ.

ಎಚ್ಚರ: ಕಾಂಚಿಯ ದೇವಾಲಯಗಳು ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿ ನಾಲ್ಕಕ್ಕೆ ತೆರೆಯುತ್ತವೆ. ದಾರಿಯಲ್ಲಿ ತಿಂಡಿಗೆ ಗಂಟೆಗಟ್ಟಲೆ ಕೂತರೆ ಇದು ತಪ್ಪಿಹೋಗುತ್ತದೆ.

ರೈಲಿನಲ್ಲಿ ಬರುವವರು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು. ಖರ್ಚು ಉಳಿಸಬೇಕೆಂದರೆ ತಿರುವಾನ್ಮಿಯೂರಿಗೆ ಹೋಗಿ, ಇಸಿಆರ್ (ಈಸ್ಟ್ ಕೋಸ್ಟ್ ರೋಡ್, ಅಂದರೆ ಸಮುದ್ರದ ಪಕ್ಕದ ಹೆದ್ದಾರಿ) ಮೇಲೆ ಹೋಗುವ ಬಸ್ ಹತ್ತಿ. ಇಲ್ಲಿ ಒಂದು ಎಡವಟ್ಟಾಗುತ್ತದೆ. ಪುದುಚೇರಿಗೆ ಹೋಗುವ ಬಸ್ಸುಗಳು ಊರೊಳಗೆ ಬರದೆ ಹೆದ್ದಾರಿಯ ಕೂಡುರಸ್ತೆಯಲ್ಲೇ ಇಳಿಸಿ ಹೋಗುತ್ತವೆ. ಅಲ್ಲಿಂದ ಊರಿಗೆ ಆಟೊ ಬೇಕು. ಹತ್ತುವ ಮುಂಚೆಯೇ "ಮಾಮಲ್ಲಪುರಂ ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ?" ಅಂತ ಕೇಳಿಕೊಳ್ಳಿ.

ಹಂತ 3: ಊರೊಳಗೇ ಕೋಣೆ ಮಾಡಿ

ಆನ್‌ಲೈನ್‌ನಲ್ಲಿ "ಮಹಾಬಲಿಪುರಂ ರೆಸಾರ್ಟ್" ಅಂತ ಹುಡುಕಿದರೆ ಬರುವ ಹಲವು ಜಾಗಗಳು ಊರಿನಿಂದ ಎಷ್ಟೋ ಕಿಲೋಮೀಟರ್ ಆಚೆ, ಹೆದ್ದಾರಿಯ ಬದಿಯಲ್ಲಿವೆ. ಈಜುಕೊಳ ಬೇಕಿದ್ದವರಿಗೆ ಅದು ಸರಿ. ಸೂರ್ಯ ಹುಟ್ಟುವ ಹೊತ್ತಿಗೆ ಗುಡಿಯ ಮುಂದೆ ನಿಲ್ಲಬೇಕು ಅನ್ನುವವರಿಗೆ ಸರಿ ಅಲ್ಲ. ನಕ್ಷೆಯಲ್ಲಿ ದೂರ ನೋಡಿಯೇ ದುಡ್ಡು ಕಟ್ಟಿ. ಬಸ್ ನಿಲ್ದಾಣ ಮತ್ತು ಸಮುದ್ರದ ನಡುವೆ ಇರುವ ಒತ್ತವಾಡೈ ಬೀದಿಯ ಸುತ್ತಮುತ್ತ ಸಾಧಾರಣ ದರದ ಕೋಣೆಗಳೂ ಊಟದ ಹೋಟೆಲುಗಳೂ ಸಾಲಾಗಿವೆ. ಮೀನು ತಿನ್ನುವವರಿಗೆ ಹಬ್ಬ. ಸಸ್ಯಾಹಾರಿಗಳಿಗೆ ಇಡ್ಲಿ, ಪೊಂಗಲ್, ಊಟ ಬಸ್ ನಿಲ್ದಾಣದ ಹತ್ತಿರ ಸಿಗುತ್ತದೆ.

ಹಂತ 4: ಮೊದಲ ದಿನ, ಮಧ್ಯಾಹ್ನ ಎರಡೂವರೆಗೆ ಪಂಚರಥ

ಊಟ ಮಾಡಿ, ಸ್ವಲ್ಪ ಮಲಗಿ, ಎರಡೂವರೆಗೆ ಹೊರಡಿ. ಊರಿನ ದಕ್ಷಿಣ ತುದಿಯಲ್ಲಿರುವ ಪಂಚರಥಗಳ ಪೈಕಿ ಸಾಲಿನಲ್ಲಿರುವ ನಾಲ್ಕೂ ಪಶ್ಚಿಮಕ್ಕೆ ಮುಖ ಮಾಡಿವೆ. ಮಧ್ಯಾಹ್ನದ ಬಿಸಿಲು ನೇರ ಅವುಗಳ ಮುಖದ ಮೇಲೆ ಬೀಳುತ್ತದೆ. ಬೆಳಗ್ಗೆ ಬಂದವರಿಗೆ ಬೆನ್ನಿನ ಬೆಳಕು, ಎದುರು ಕತ್ತಲು.

ಮೊದಲು ಒಂದು ವಿಷಯ. ಇವು ತೇರುಗಳಲ್ಲ, ಪಾಂಡವರಿಗೂ ಇವಕ್ಕೂ ಸಂಬಂಧವಿಲ್ಲ. ಹೆಸರು ಆಮೇಲೆ ಜನ ಇಟ್ಟದ್ದು. ಇವು ಏಕಶಿಲೆಯ ಗುಡಿಗಳು. ಕಲ್ಲು ಜೋಡಿಸಿ ಕಟ್ಟಿದ್ದಲ್ಲ, ನೆಲದಿಂದ ಎದ್ದ ಬಂಡೆಯನ್ನೇ ಮೇಲಿನಿಂದ ಕೆಳಗೆ ಕೆತ್ತುತ್ತಾ ಬಂದದ್ದು. ಮೇಲೆ ಒಂದು ಏಟು ತಪ್ಪಿದರೂ ತಿದ್ದುವಂತಿಲ್ಲ. ಕಲ್ಲು ಗ್ರಾನೈಟ್. ಬಾದಾಮಿಯ ಮರಳುಗಲ್ಲು ಉಳಿಗೆ ಬೇಗ ಬಗ್ಗುತ್ತದೆ, ಇದು ಬಗ್ಗುವುದಿಲ್ಲ. ಇಲ್ಲಿನ ಕೆತ್ತನೆಯಲ್ಲಿ ಆಭರಣ ಕಡಿಮೆ, ಮೈಯ ನಿಲುವೇ ಮುಖ್ಯ ಆಗಿರುವುದಕ್ಕೆ ಈ ಗಟ್ಟಿತನವೂ ಒಂದು ಕಾರಣ ಅಂತ ನನ್ನ ಭಾವನೆ.

ಹೀಗೆ ನೋಡಿ:

1. ಬಡಗು ತುದಿಯ ದ್ರೌಪದಿ ರಥದಿಂದ ಶುರು ಮಾಡಿ. ಹುಲ್ಲು ಹೊದಿಸಿದ ಗುಡಿಸಲಿನ ಸೂರನ್ನೇ ಕಲ್ಲಿನಲ್ಲಿ ಮಾಡಿದ್ದಾರೆ. ಒಳಗಿರುವುದು ದುರ್ಗೆ.

2. ಪಕ್ಕದ್ದು ಅರ್ಜುನ ರಥ. ಎರಡಕ್ಕೂ ಒಂದೇ ಜಗಲಿ. ಬಗ್ಗಿ ನೋಡಿದರೆ ಜಗಲಿಯನ್ನು ಹೊತ್ತ ಆನೆ, ಸಿಂಹಗಳು ಕಾಣುತ್ತವೆ. ಹಿಂದೆ ಸುತ್ತಿ ಹೋಗಿ, ಇಡಿಯ ಕಲ್ಲಿನ ನಂದಿ ಇದೆ. ತುಂಬ ಜನ ಮುಂದಿನಿಂದಲೇ ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ.

3. ಭೀಮ ರಥ ಉದ್ದನೆಯದು, ಕಮಾನಿನ ಸೂರು. ಇದರ ಕೆಳಭಾಗ ನೋಡಿ, ಕೆಲಸ ಅರ್ಧಕ್ಕೆ ನಿಂತಿದೆ. ಮೇಲೆ ನಯವಾದ ಕೆತ್ತನೆ, ಕೆಳಗೆ ಒರಟು ಬಂಡೆ. ಮೇಲಿನಿಂದ ಕೆಳಗೆ ಕೆತ್ತಿದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಲ್ಲಿ ಐದು ನಿಮಿಷ ಜಾಸ್ತಿ ನಿಲ್ಲಿ.

4. ತೆಂಕು ತುದಿಯ ಧರ್ಮರಾಜ ರಥ ಎಲ್ಲಕ್ಕಿಂತ ಎತ್ತರ. ಗೋಡೆಯ ಮೂಲೆಗಳಲ್ಲಿ ಅರ್ಧನಾರೀಶ್ವರ, ಹರಿಹರ ಇದ್ದಾರೆ. ಮೇಲಿನ ಅಂತಸ್ತಿನ ಶಾಸನ ಇದನ್ನು ಅತ್ಯಂತಕಾಮ ಪಲ್ಲವೇಶ್ವರ ಗೃಹ ಎಂದು ಕರೆಯುತ್ತದೆ. ಅತ್ಯಂತಕಾಮ ಅನ್ನುವುದು ರಾಜನ ಬಿರುದು. ಮೇಲೆ ಹತ್ತಲು ಬಿಡುವುದಿಲ್ಲ.

5. ಸಾಲಿನಿಂದ ಬೇರೆಯಾಗಿ ನಿಂತದ್ದು ನಕುಲ ಸಹದೇವ ರಥ. ಹಿಂಬದಿ ದುಂಡಗಿರುವ ಈ ಆಕಾರಕ್ಕೆ ಗಜಪೃಷ್ಠ ಎಂದು ಹೆಸರು, ಅಂದರೆ ಆನೆಯ ಬೆನ್ನು. ಪಕ್ಕದಲ್ಲೇ ಕಲ್ಲಾನೆ ನಿಲ್ಲಿಸಿದ್ದಾರೆ. ಎರಡೂ ಒಟ್ಟಿಗೆ ಕಾಣುವ ಹಾಗೆ ನಿಂತು ನೋಡಿ. ಶಿಲ್ಪಿಯ ಮನಸ್ಸಿನಲ್ಲಿ ಏನಿತ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಗುಡಿಸಲು, ಚೌಕ, ಉದ್ದ ಕಮಾನು, ದುಂಡು ಬೆನ್ನು. ಮರದಲ್ಲಿ, ಹುಲ್ಲಿನಲ್ಲಿ ಕಟ್ಟುತ್ತಿದ್ದ ಅಷ್ಟೂ ಬಗೆಯ ಕಟ್ಟಡಗಳನ್ನು ಒಂದೇ ಕಡೆ ಕಲ್ಲಿಗೆ ಇಳಿಸಿದ್ದಾರೆ. ಮೊದಲು ಇದನ್ನು ನೋಡಿದರೆ ಉಳಿದ ಊರು ತಾನೇ ಅರ್ಥವಾಗುತ್ತದೆ.

ಎಚ್ಚರ: ಟಿಕೆಟ್ ಆ ದಿನಕ್ಕೆ ಮಾತ್ರ. ಇಂದು ಪಂಚರಥಕ್ಕೆ ತೆಗೆದುಕೊಂಡದ್ದು ನಾಳೆ ಬೆಳಗ್ಗೆ ಕಡಲ ಗುಡಿಗೆ ನಡೆಯುವುದಿಲ್ಲ. ಹಣ ಉಳಿಸಲು ಎರಡನ್ನೂ ಒಂದೇ ದಿನ ಓಡಿ ಮುಗಿಸಬೇಡಿ. ನಲವತ್ತು ರೂಪಾಯಿ ಇನ್ನೊಮ್ಮೆ ಕೊಡುವುದು ಮೇಲು.

ಹಂತ 5: ಸಂಜೆ ನಾಲ್ಕೂವರೆಗೆ ವರಾಹ ಗುಹೆ, ಬೆಣ್ಣೆ ಮುದ್ದೆ

ಊರಿನ ನಡುವೆ ಉದ್ದಕ್ಕೆ ಬಂಡೆಗಳ ಬೆಟ್ಟವಿದೆ. ಅದರ ಹಿಂಬದಿಯ ವರಾಹ ಗುಹಾ ಮಂಟಪವೂ ಪಶ್ಚಿಮಕ್ಕೇ ತೆರೆದುಕೊಂಡಿದೆ. ಇಳಿಬಿಸಿಲು ಒಳಗಿನವರೆಗೆ ಬರುತ್ತದೆ.

ಒಳಗೆ ನಾಲ್ಕು ದೊಡ್ಡ ಉಬ್ಬುಶಿಲ್ಪಗಳು: ವರಾಹ, ಗಜಲಕ್ಷ್ಮಿ, ದುರ್ಗೆ, ತ್ರಿವಿಕ್ರಮ. ಬಾದಾಮಿಯ ಮೂರನೇ ಗುಹೆ 578ರದ್ದು, ಅಂದರೆ ಇದಕ್ಕಿಂತ ಹಳೆಯದು. ಅಲ್ಲಿಯೂ ವರಾಹ, ತ್ರಿವಿಕ್ರಮ ಇದ್ದಾರೆ. ಆ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಬಂದು ಹೋಲಿಸಿ. ಬಾದಾಮಿಯಲ್ಲಿ ಭೂದೇವಿ ವರಾಹನ ಕೈಯ ಮೇಲೆ ನಿಂತಿದ್ದಾಳೆ. ಇಲ್ಲಿ ಅವನ ತೊಡೆಯ ಮೇಲೆ ಕೂತಿದ್ದಾಳೆ, ಅವನ ಮುಖ ಅವಳ ಕಡೆ ತಿರುಗಿದೆ. ಅಲ್ಲಿ ಗೆಲುವು ಎದ್ದು ಕಾಣುತ್ತದೆ, ಇಲ್ಲಿ ಅಕ್ಕರೆ. ಯಾವುದು ಹೆಚ್ಚು ಅಂತ ನಾನು ಹೇಳಲಾರೆ. ಎರಡೂ ನೋಡಿದವರಿಗೆ ಮಾತ್ರ ಸಿಗುವ ಖುಷಿ ಅದು.

ಅಲ್ಲಿಂದ ಬಡಗಿಗೆ ಹೋದರೆ ಇಳಿಜಾರಿನಲ್ಲಿ ನಿಂತ ದೊಡ್ಡ ಗುಂಡು, ಕೃಷ್ಣನ ಬೆಣ್ಣೆ ಮುದ್ದೆ. ತೂಕ ಸುಮಾರು 250 ಟನ್ ಅಂತ ಲೆಕ್ಕ ಹಾಕಿದ್ದಾರೆ. ತಳ್ಳುವ ಹಾಗೆ ಫೋಟೋ ತೆಗೆಸಿಕೊಳ್ಳಲು ಸಾಲು ಇರುತ್ತದೆ. ಮಕ್ಕಳಿಗೆ ಇಲ್ಲಿನ ಜಾರುವ ಬಂಡೆ ತುಂಬ ಇಷ್ಟ, ಆದರೆ ಕೈ ಬಿಡಬೇಡಿ. ದಾರಿಯಲ್ಲಿ ಗಣೇಶ ರಥವನ್ನೂ ನೋಡಿ. ಐದು ರಥಗಳಿಗಿಂತ ಹೆಚ್ಚು ಪೂರ್ತಿಯಾಗಿರುವುದು ಇದು, ನೋಡುವವರು ಮಾತ್ರ ಕಡಿಮೆ. ಆರು ಗಂಟೆಗೆ ಗೇಟು ಮುಚ್ಚುತ್ತಾರೆ.

ಹಂತ 6: ಎರಡನೇ ದಿನ, ಬೆಳಗ್ಗೆ ಆರಕ್ಕೆ ಕಡಲ ಗುಡಿ

ಮಂಗಳೂರು, ಕಾರವಾರದವರಿಗೆ ಸಮುದ್ರ ಅಂದರೆ ಸೂರ್ಯಾಸ್ತ. ಇಲ್ಲಿ ತಿರುಗುಮುರುಗು, ಸೂರ್ಯ ಹುಟ್ಟುವುದು ನೀರಿನಿಂದ. ಮೊದಲು ದಡಕ್ಕೆ ಹೋಗಿ ಸೂರ್ಯೋದಯ ನೋಡಿ, ಆಮೇಲೆ ನೇರ ಒಳಗೆ ಹೋಗಿ. ಮೊದಲ ಒಂದು ಗಂಟೆ ಜನ ಇರುವುದಿಲ್ಲ.

ಇದು ಕೆತ್ತಿದ ಗುಡಿಯಲ್ಲ, ಕಲ್ಲು ಜೋಡಿಸಿ ಕಟ್ಟಿದ್ದು. ನಿನ್ನೆ ನೋಡಿದ ಧರ್ಮರಾಜ ರಥಕ್ಕೂ ಇದರ ಶಿಖರಕ್ಕೂ ನಂಟು ಕಾಣುತ್ತದೆ, ಇದು ಇನ್ನೂ ತೆಳ್ಳಗೆ, ಮೇಲಕ್ಕೆ ಎಳೆದ ಹಾಗಿದೆ. ಇರುವುದು ಎರಡು ಶಿವನ ಗುಡಿ, ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಎರಡರ ನಡುವೆ ಇಕ್ಕಟ್ಟಿನಲ್ಲಿ ಮಲಗಿದ ವಿಷ್ಣು. ಅವನನ್ನು ಅಲ್ಲೇ ಇದ್ದ ಬಂಡೆಯಲ್ಲಿ ಕಡೆದಿದ್ದಾರೆ. ತುಂಬ ಜನ ನೋಡದೆಯೇ ಹೊರಬರುತ್ತಾರೆ, ಪಕ್ಕದಿಂದ ಸುತ್ತಿ ಹೋಗಬೇಕು. ಗರ್ಭಗುಡಿಯ ಹಿಂಗೋಡೆಯಲ್ಲಿರುವುದು ಸೋಮಾಸ್ಕಂದ, ಅಂದರೆ ಶಿವ, ಉಮೆ, ನಡುವೆ ಮಗು ಸ್ಕಂದ. ಪಲ್ಲವರ ಗುರುತು ಅಂತಲೇ ಹೇಳಬಹುದು. ಒಮ್ಮೆ ಗುರುತು ಹಿಡಿದರೆ ಊರೆಲ್ಲ ಕಾಣಿಸುತ್ತದೆ.

ಹೊರಗೆ ಒಂದು ಸಿಂಹವಿದೆ. ಅದರ ಎದೆಯಲ್ಲಿ ಚೌಕದ ಗೂಡು ಕೊರೆದು ದುರ್ಗೆಯನ್ನು ಕೂರಿಸಿದ್ದಾರೆ. ಬಡಗು ಬದಿಯ ತಗ್ಗಿನಲ್ಲಿ ವರಾಹ ಮತ್ತು ಪುಟ್ಟ ಗುಡಿ ಇವೆ. ಮರಳಿನಡಿ ಹೂತಿದ್ದ ಇವು ಸಿಕ್ಕಿದ್ದು 1990ರಲ್ಲಿ.

ಗೋಡೆಯ ಶಿಲ್ಪಗಳು ಸವೆದು ಮುಖವೇ ಇಲ್ಲದಂತಾಗಿವೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಉಪ್ಪುಗಾಳಿಯ ಕೆಲಸ ಅದು. ಅದನ್ನು ತಡೆಯಲೆಂದೇ ಸುತ್ತ ಸರ್ವೆ ಮರ ಬೆಳೆಸಿದ್ದಾರೆ, ಸಮುದ್ರದ ಕಡೆ ಕಲ್ಲಿನ ತಡೆ ಹಾಕಿದ್ದಾರೆ. ದಯವಿಟ್ಟು ಗೋಡೆಗೆ ಒರಗಬೇಡಿ, ನಂದಿಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ನಮ್ಮ ಹಂಪಿಯಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಎಷ್ಟು ಸಂಕಟವಾಗುತ್ತದೆ, ಅಲ್ವಾ?

ಏಳು ಗುಡಿಗಳಲ್ಲಿ ಆರು ಸಮುದ್ರದ ಪಾಲಾದವು ಅಂತ ಗೈಡ್ ಹೇಳುತ್ತಾರೆ. ಅದು ಹಳೆಯ ಐತಿಹ್ಯ. ಗೊತ್ತಿರುವುದಿಷ್ಟು: 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲೆ ಮರಳನ್ನು ಎಳೆದೊಯ್ದಾಗ ಅದುವರೆಗೆ ಕಾಣದಿದ್ದ ಕೆತ್ತನೆಯ ಕಲ್ಲುಗಳು ಹೊರಬಿದ್ದವು. ಆಮೇಲೆ ಪುರಾತತ್ವ ಇಲಾಖೆ ಅಗೆತ ನಡೆಸಿತು.

ಎಚ್ಚರ: ಇಲ್ಲಿ ಸಮುದ್ರಕ್ಕೆ ಇಳಿಯಬೇಡಿ. ಗುಡಿಯ ಸುತ್ತ ನೀರಿನಡಿ ಬಂಡೆಗಳಿವೆ, ಸೆಳೆತ ಜೋರು. ಈಜು ಬರುತ್ತೆ ಅನ್ನುವ ಧೈರ್ಯವೇ ಅಪಾಯ. ಮೊಣಕಾಲಿನವರೆಗೆ ನೆನೆಸಿಕೊಂಡು ಬನ್ನಿ, ಸಾಕು.

ಹಂತ 7: ಎಂಟು ಗಂಟೆಗೆ ದೊಡ್ಡ ಬಂಡೆ

ಒಂದೇ ಒಂದು ಕೆಲಸಕ್ಕೆ ಸಮಯವಿದೆ ಅನ್ನುವವರಿಗೂ ನಾನು ಹೇಳುವುದು ಇದನ್ನೇ. ಟಿಕೆಟ್ ಬೇಡ, ರಸ್ತೆಯ ಪಕ್ಕದಲ್ಲೇ ಇದೆ. ಪೂರ್ವಕ್ಕೆ ಮುಖ, ಹಾಗಾಗಿ ಬೆಳಗ್ಗೆಯೇ ಬರಬೇಕು.

ಒಟ್ಟು ಸುಮಾರು 30 ಮೀಟರ್ ಅಗಲಕ್ಕೆ ಹರಡಿದ ಎರಡು ಬಂಡೆಗಳು, ನಡುವೆ ಸೀಳು. ಕೆಲವರು ಇದನ್ನು ಅರ್ಜುನನ ತಪಸ್ಸು ಅನ್ನುತ್ತಾರೆ, ಕೆಲವರು ಗಂಗಾವತರಣ ಅನ್ನುತ್ತಾರೆ. ಸೀಳಿನ ಎಡಕ್ಕೆ ಒಂಟಿ ಕಾಲಲ್ಲಿ ಕೈ ಎತ್ತಿ ನಿಂತ, ಎಲುಬು ಕಾಣುವ ತಪಸ್ವಿ. ಎದುರಿಗೆ ವರ ಕೊಡುವ ಶಿವ. ಅವನು ಅರ್ಜುನನಾದರೆ ಕೇಳುತ್ತಿರುವುದು ಪಾಶುಪತಾಸ್ತ್ರ, ಭಗೀರಥನಾದರೆ ಗಂಗೆ. ಸೀಳಿನಲ್ಲಿ ನಾಗ, ನಾಗಿಣಿಯರು ಮೇಲಕ್ಕೆ ಈಜುತ್ತಿದ್ದಾರೆ. ಬಂಡೆಯ ಮೇಲ್ಗಡೆ ನೀರಿನ ತೊಟ್ಟಿಯ ಕುರುಹು ಇದೆ. ಅಲ್ಲಿಂದ ನೀರು ಬಿಟ್ಟರೆ ಈ ಸೀಳಿನಲ್ಲೇ ಇಳಿಯುತ್ತಿತ್ತು. ನನಗೆ ಗಂಗೆಯ ಕಥೆಯೇ ಒಪ್ಪಿಗೆ, ನೀರಿಗೆ ಇಷ್ಟು ಸಿದ್ಧತೆ ಸುಮ್ನೆ ಮಾಡಿರಲಿಕ್ಕಿಲ್ಲ.

ಫೋಟೋ ತೆಗೆಯುವ ಮುಂಚೆ ಇವನ್ನು ಹುಡುಕಿ. ಮಕ್ಕಳಿದ್ದರೆ ಪಂದ್ಯ ಕಟ್ಟಿ.

ದೊಡ್ಡ ಆನೆಯ ಹೊಟ್ಟೆಯಡಿ ಮರಿಗಳು. ಆನೆಯ ದಂತದ ಕೆಳಗೆ, ತಪಸ್ವಿಯ ಹಾಗೆಯೇ ಮುಂಗಾಲೆತ್ತಿ ನಿಂತ ಬೆಕ್ಕು. ಅದರ ತಪಸ್ಸನ್ನು ನಂಬಿ ಸುತ್ತ ಸೇರಿದ ಇಲಿಗಳು. ಹಿಂಗಾಲಿನಿಂದ ಮೂಗು ಕೆರೆದುಕೊಳ್ಳುವ ಜಿಂಕೆ. ಕೈಬೆರಳುಗಳ ನಡುವಿನಿಂದ ಸೂರ್ಯನನ್ನು ನೋಡುವ ಮನುಷ್ಯ.

ಎಡಪಕ್ಕದ ಕೃಷ್ಣ ಮಂಟಪವನ್ನು ಬಿಡಬೇಡಿ. ಒಳಗೋಡೆಯಲ್ಲಿ ಗೋವರ್ಧನ ಬೆಟ್ಟ ಎತ್ತಿದ ಕೃಷ್ಣ, ಅದರಡಿ ಇಡೀ ಗೋಕುಲ. ಹಾಲು ಕರೆಯುತ್ತಿರುವ ಗೊಲ್ಲ, ಕರುವನ್ನು ನೆಕ್ಕುತ್ತಿರುವ ಹಸು. ಹಟ್ಟಿ ನೋಡಿ ಬೆಳೆದವರಿಗೆ ಇದಕ್ಕಿಂತ ಹತ್ತಿರದ ಶಿಲ್ಪ ಇಲ್ಲ. ಮುಂದಿರುವ ಕಂಬದ ಮಂಟಪ ಪಲ್ಲವರದಲ್ಲ, ಎಷ್ಟೋ ಶತಮಾನದ ಆಮೇಲೆ ವಿಜಯನಗರದವರು ಸೇರಿಸಿದ್ದು. ಬೆಟ್ಟದ ಮೇಲೆ ಅರ್ಧಕ್ಕೆ ನಿಂತ ರಾಯಗೋಪುರವೂ ವಿಜಯನಗರ ಕಾಲದ್ದೇ.

ಇಲ್ಲಿಂದ ಬೆಟ್ಟ ಹತ್ತಿ ದಕ್ಷಿಣಕ್ಕೆ ನಡೆಯಿರಿ. ದಾರಿಯ ಬಂಡೆಗಳಲ್ಲಿ ಸಾಲಾಗಿ ಕೊರೆದ ಚೌಕ ತೂತುಗಳು ಕಾಣುತ್ತವೆ. ಬೆಣೆ ಹೊಡೆದು ಬಂಡೆ ಸೀಳಲು ಮಾಡಿದವು. ಕೊನೆಗೆ ಮಹಿಷಮರ್ದಿನಿ ಗುಹೆ. ಒಂದು ಗೋಡೆಯಲ್ಲಿ ಸಿಂಹದ ಮೇಲೆ ಕೂತು ಬಿಲ್ಲು ಸೆಳೆಯುವ ಎಂಟು ಕೈಯ ದುರ್ಗೆ. ಎದುರಿಗೆ ಕೋಣನ ತಲೆ, ಮನುಷ್ಯನ ಮೈಯ ಮಹಿಷ ಗದೆ ಹಿಡಿದು ಹಿಂದೆ ಸರಿಯುತ್ತಿದ್ದಾನೆ. ಐಹೊಳೆಯ ದುರ್ಗದ ಗುಡಿಯಲ್ಲಿ ಕೊಲ್ಲುವ ಗಳಿಗೆ ಇದೆ. ಇಲ್ಲಿ ಯುದ್ಧ ಇನ್ನೂ ನಡೆಯುತ್ತಿದೆ. ತಿರುಗಿ ಎದುರಿನ ಗೋಡೆ ನೋಡಿ, ಅನಂತಶಯನ ವಿಷ್ಣು ನೆಮ್ಮದಿಯಾಗಿ ಮಲಗಿದ್ದಾನೆ. ಗದ್ದಲ ಮತ್ತು ನಿದ್ದೆ ಎದುರುಬದುರಾಗಿವೆ. ಇಡೀ ಊರಿನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಇದು.

ಮೇಲಿರುವ ಗುಡಿ ಒಲಕ್ಕಣ್ಣೇಶ್ವರ. ಪಕ್ಕದ ದೀಪಸ್ತಂಭ ಕಟ್ಟುವ ಮುಂಚೆ ಇದರ ನೆತ್ತಿಯ ಮೇಲೆಯೇ ಹಡಗುಗಳಿಗೆ ದೀಪ ಹಚ್ಚುತ್ತಿದ್ದರು. ದೀಪಸ್ತಂಭಕ್ಕೆ ಬೇರೆ ಟಿಕೆಟ್, ಸ್ಮಾರಕಗಳ ಹಾಗೆ ಆರಕ್ಕೆ ತೆರೆಯುವುದಿಲ್ಲ. ಮೆಟ್ಟಿಲು ಕಡಿದು, ಮಂಡಿನೋವಿನವರು ಕೆಳಗೇ ಕೂರಲಿ.

ಇಳಿದ ಮೇಲೆ, ದೊಡ್ಡ ಬಂಡೆಯ ಹತ್ತಿರದ ಸ್ಥಲಶಯನ ಪೆರುಮಾಳ್ ದೇವಾಲಯಕ್ಕೆ ಹೋಗಬಹುದು. ಇಲ್ಲಿ ಪೂಜೆ ನಡೆಯುತ್ತದೆ. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ (ಆಳ್ವಾರರು ಹಾಡಿ ಹೊಗಳಿದ ಕ್ಷೇತ್ರಗಳು) ಇದೂ ಒಂದು. ಮೇಲುಕೋಟೆಯ ಕಡೆಯ ಹಿರಿಯರು ಜೊತೆಗಿದ್ದರೆ ಅವರು ಮೊದಲು ಕೇಳುವುದೇ ಇದನ್ನು. ಮಧ್ಯಾಹ್ನ ಮುಚ್ಚಿರುತ್ತದೆ.

ಹಂತ 8: ಕಲ್ಲಿನ ಅಂಗಡಿಗೆ ಹೋಗುವ ಮುಂಚೆ

ಊರಿಗೆ ಕಾಲಿಟ್ಟಾಗಿನಿಂದ ಉಳಿಯ ಸದ್ದು ಕೇಳುತ್ತಲೇ ಇರುತ್ತದೆ. ಇಲ್ಲಿನ ಕಲ್ಲಿನ ಶಿಲ್ಪಕ್ಕೆ 2017ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಂದರೆ ಮೈಸೂರು ರೇಷ್ಮೆಯ ಹಾಗೆ ಈ ಊರಿನ ಹೆಸರಿನಲ್ಲಿ ಬೇರೆಯವರು ಮಾರುವಂತಿಲ್ಲ. ಸರ್ಕಾರದ ಶಿಲ್ಪಕಲಾ ಕಾಲೇಜೂ ಇಲ್ಲಿದೆ.

ಆಟೊದವರು, ಕೆಲವು ಗೈಡ್‌ಗಳು ತಾವಾಗಿಯೇ ಕರೆದೊಯ್ಯುವ ಅಂಗಡಿಯಲ್ಲಿ ಅವರ ಕಮಿಷನ್ ನಿಮ್ಮ ಬೆಲೆಗೇ ಸೇರಿರುತ್ತದೆ. ನೀವೇ ನಡೆದು ಹೋಗಿ, ಕೆತ್ತುವವರು ಕೂತಿರುವ ಜಾಗದಲ್ಲೇ ಮಾತಾಡಿ. ಕಲ್ಲು ಯಾವುದೆಂದು ಕೇಳಿ. ಬಳಪದ ಕಲ್ಲು ಮೆದು, ಉಗುರಿನಿಂದ ಗೀರಿದರೆ ಗುರುತು ಬೀಳುತ್ತದೆ, ಬೆಲೆ ಕಡಿಮೆ. ಗ್ರಾನೈಟಿಗೆ ಏನೂ ಆಗುವುದಿಲ್ಲ, ಬೆಲೆ ಜಾಸ್ತಿ. ಒಂದೇ ಥರದ ಹತ್ತು ಗಣಪತಿ ಒಂದು ಗೆರೆಯೂ ವ್ಯತ್ಯಾಸವಿಲ್ಲದೆ ಇದ್ದರೆ ಅವು ಅಚ್ಚಿನಲ್ಲಿ ಎರಕ ಹೊಯ್ದವು. ದೊಡ್ಡ ಮೂರ್ತಿ ಮಾಡಿಸುವುದಾದರೆ ಅಳತೆ, ಕಲ್ಲು, ಸಾಗಣೆ ಖರ್ಚು, ಒಡೆದರೆ ಯಾರ ಜವಾಬ್ದಾರಿ, ಎಲ್ಲ ಬರೆಸಿಕೊಳ್ಳಿ.

ಗೈಡ್ ಬೇಕಿದ್ದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಹಿಡಿಯಿರಿ. ಯಾವ ಯಾವ ಜಾಗ, ಎಷ್ಟು ಹೊತ್ತು, ಎಷ್ಟು ಹಣ ಅಂತ ಮೊದಲೇ ಮಾತಾಡಿ. ಅಂಗಡಿ ಬೇಡ ಅಂತಲೂ ಆಗಲೇ ಹೇಳಿಬಿಡಿ.

ಹಂತ 9: ಮಧ್ಯಾಹ್ನದ ಮೇಲೆ ಸಮಯ ಉಳಿದರೆ

ಚೆನ್ನೈ ಕಡೆ ವಾಪಸ್ ಹೋಗುವವರಿಗೆ ದಾರಿಯಲ್ಲೇ ಮೂರು ಜಾಗಗಳಿವೆ.

ಮೊದಲು ಸಿಗುವುದು ಸಾಳುವನ್‌ಕುಪ್ಪಂ, ಸುಮಾರು 5 ಕಿಲೋಮೀಟರ್. ಇಲ್ಲಿನ ಹುಲಿ ಗುಹೆಯಲ್ಲಿ ಹುಲಿ ಇಲ್ಲ. ಬಾಯಿ ತೆರೆದ ಯಾಳಿ (ಸಿಂಹವನ್ನು ಹೋಲುವ ಕಲ್ಪನೆಯ ಪ್ರಾಣಿ) ಮುಖಗಳು ಸುತ್ತುಗಟ್ಟಿವೆ. ಹತ್ತಿರದಲ್ಲೇ ಸುನಾಮಿಯ ನಂತರ ಅಗೆದು ತೆಗೆದ ಸುಬ್ರಹ್ಮಣ್ಯ ದೇವಾಲಯ ಇದೆ. ಮೇಲೆ ಪಲ್ಲವರ ಕಾಲದ ಕಲ್ಲು, ಅದರಡಿ ಅದಕ್ಕಿಂತ ಹಳೆಯ ಇಟ್ಟಿಗೆಯ ಗುಡಿ. ಜನ ಇಲ್ಲ, ನೆರಳಿದೆ.

ಮುಂದೆ ಮೊಸಳೆ ಪಾರ್ಕ್, 1976ರಲ್ಲಿ ರೋಮುಲಸ್ ವಿಟೇಕರ್ ಶುರು ಮಾಡಿದ್ದು. ನಮ್ಮ ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನ ಕೇಂದ್ರ ಕಟ್ಟಿದವರೂ ಅವರೇ. ಮಕ್ಕಳಿಗೆ ಇದು ತುಂಬ ಹಿಡಿಸುತ್ತದೆ. ಸೋಮವಾರ ರಜೆ.

ಮುಟ್ಟುಕಾಡಿನ ಹತ್ತಿರ ದಕ್ಷಿಣಚಿತ್ರ. ದಕ್ಷಿಣದ ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆ, ಚಿಕ್ಕಮಗಳೂರಿನ ಮುಸ್ಲಿಂ ಕುಟುಂಬದ ಮನೆ ಇವೆ. ಕನಿಷ್ಠ ಎರಡು ಗಂಟೆ ಬೇಕು. ಮಂಗಳವಾರ ಮುಚ್ಚಿರುತ್ತದೆ, ಆ ದಿನ ವಾಪಸ್ ಹೊರಡುವವರು ಇದನ್ನು ಹೋಗುವಾಗಲೇ ನೋಡಿಕೊಳ್ಳಿ.

ಪುದುಚೇರಿ ಕಡೆ ಹೋಗುವವರು ಕಲ್ಪಾಕ್ಕಂನ ಪಕ್ಕದ ಸದ್ರಾಸ್‌ನಲ್ಲಿ ಡಚ್ಚರ ಕೋಟೆಗೆ ಅರ್ಧ ಗಂಟೆ ಕೊಡಿ. ಒಳಗಿನ ಗೋರಿಗಳ ಮೇಲೆ ಕೆತ್ತಿದ ಹಡಗು, ಮರ, ಅಕ್ಷರಗಳು ಚೆನ್ನಾಗಿ ಉಳಿದಿವೆ. ಹತ್ತಿರ ಅಂಗಡಿ ಹೆಚ್ಚಿಲ್ಲ, ನೀರು ಮಹಾಬಲಿಪುರಂನಲ್ಲೇ ತುಂಬಿಸಿಕೊಂಡು ಹೊರಡಿ.